ಬ್ರಿಟಿಷರ ಕಾಲದಲ್ಲಿ ಕಲೆಕ್ಟರ್‌ಗಳನ್ನು ಆರಿಸುತ್ತಿದ್ದದ್ದು ಹೇಗೆ?

ಕಿತ್ತೂರು ಚೆನ್ನಮ್ಮನ ಕತೆ ಗೊತ್ತಿರುವ ಎಲ್ಲರಿಗೂ ಥ್ಯಾಕರೆಯ ಹೆಸರು ಗೊತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತ ಧಾರವಾಡದ ಕಲೆಕ್ಟರ್. ಅವನು ಅಲ್ಲಿ ಮಾಡಿದ್ದೇನು ಅಂತ ಶಾಲೆಯಲ್ಲೇ ಓದಿದ್ದೇವೆ. ಅವನು ಕಲೆಕ್ಟರ್ ಆಗಿದ್ದು ಹೇಗೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅಷ್ಟು ದೊಡ್ಡ ಸೀಮೆಯ ಕಂದಾಯ, ಪೊಲೀಸು, ಸಂಸ್ಥಾನಗಳ ಹಣೆಬರಹ ಎಲ್ಲವನ್ನೂ ಒಬ್ಬನ ಕೈಗೆ ಕೊಟ್ಟವರು ಯಾರು? ಯಾವ ಪರೀಕ್ಷೆ ಪಾಸು ಮಾಡಿದ್ದ?

ಯಾವ ಸ್ಪರ್ಧೆಯೂ ಇರಲಿಲ್ಲ. ಆಗ ಈಸ್ಟ್ ಇಂಡಿಯಾ ಕಂಪನಿಯ ಸಿವಿಲ್ ನೌಕರಿ ಸಿಗಬೇಕಾದರೆ ಕಂಪನಿಯ ಡೈರೆಕ್ಟರುಗಳಲ್ಲಿ ಒಬ್ಬರು ಹೆಸರು ಸೂಚಿಸಬೇಕಿತ್ತು. ಲಂಡನ್ನಿನಲ್ಲಿ 24 ಜನ ಡೈರೆಕ್ಟರುಗಳು. ವರ್ಷವರ್ಷ ಖಾಲಿಯಾಗುವ ಜಾಗಗಳನ್ನು ತಮ್ಮೊಳಗೇ ಹಂಚಿಕೊಳ್ಳುತ್ತಿದ್ದರು. ಮಗ, ಅಳಿಯ, ಸ್ನೇಹಿತನ ಮಗ, ಪಾರ್ಲಿಮೆಂಟಿನಲ್ಲಿ ಬೇಕಾದವರ ಕಡೆಯವನು, ಹೀಗೆ. ಥ್ಯಾಕರೆಯ ಅಪ್ಪನೂ ಕಂಪನಿಯ ನೌಕರ, ಅಣ್ಣಂದಿರೂ ಅದೇ ನೌಕರಿಯಲ್ಲಿದ್ದವರು. ಎಷ್ಟೋ ಮನೆತನಗಳಿಗೆ ಇದು ತಲೆತಲಾಂತರದ ಕಸುಬೇ ಆಗಿಬಿಟ್ಟಿತ್ತು. ಮಧ್ಯವರ್ತಿಗಳು ಈ ಜಾಗಗಳನ್ನು ದುಡ್ಡಿಗೆ ಮಾರುತ್ತಿದ್ದಾರೆ ಎಂಬ ದೂರು ಎದ್ದು 1809ರಲ್ಲಿ ಪಾರ್ಲಿಮೆಂಟು ವಿಚಾರಣೆಯನ್ನೇ ಮಾಡಬೇಕಾಯಿತು.

ಹೀಗೆ ಬಂದ ಹುಡುಗರಿಗೆ ಏನೂ ಗೊತ್ತಿರುವುದಿಲ್ಲ ಎಂಬುದು ಕಂಪನಿಗೂ ತಿಳಿದಿತ್ತು. ಅದಕ್ಕೇ 1806ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾಲೇಜು ತೆರೆಯಿತು. ಮುಂದೆ ಅದು ಹೇಲಿಬರಿ ಎಂಬಲ್ಲಿ ನೆಲೆಯೂರಿತು. ಜನಸಂಖ್ಯೆಯ ಬಗ್ಗೆ ಬರೆದು ಹೆಸರಾದ ಮಾಲ್ಥಸ್ ಅಲ್ಲಿ ಮೇಷ್ಟ್ರಾಗಿದ್ದ. ಕಾಲೇಜು ಪಾಠ ಹೇಳುತ್ತಿತ್ತು, ಆದರೆ ಅಲ್ಲಿಗೆ ಯಾರು ಬರಬೇಕು ಎಂಬುದು ಡೈರೆಕ್ಟರುಗಳ ಕೈಯಲ್ಲೇ ಉಳಿಯಿತು.

ಈ ವಶೀಲಿ ಪದ್ಧತಿಯಲ್ಲಿ ಬಂದವರೆಲ್ಲ ದಡ್ಡರಾಗಿದ್ದರು ಅನ್ನಲು ಬರುವುದಿಲ್ಲ. ಕಿತ್ತೂರಿನಲ್ಲಿ ಥ್ಯಾಕರೆಯ ಜೊತೆಗಿದ್ದು ಸೆರೆಸಿಕ್ಕ ವಾಲ್ಟರ್ ಎಲಿಯಟ್ ಹೇಲಿಬರಿಯಲ್ಲಿ ಓದಿದವರು. ಬಿಡುಗಡೆಯಾದ ಮೇಲೆ ಕನ್ನಡ ನಾಡಿನ ಶಾಸನಗಳ ಹುಚ್ಚು ಹಿಡಿಸಿಕೊಂಡು ರಾಶಿರಾಶಿ ಪ್ರತಿ ಮಾಡಿಸಿದರು. ಅರ್ಧ ಶತಮಾನದ ನಂತರ ಅದೇ ಕೆಲಸವನ್ನು ಮುಂದಕ್ಕೆ ಒಯ್ದ ಜೆ. ಎಫ್. ಫ್ಲೀಟ್ ಪರೀಕ್ಷೆ ಬರೆದು ಬಂದವರು. ಶಾಸನಗಳ ಜೊತೆಗೆ ನಮ್ಮ ಲಾವಣಿಗಳನ್ನೂ ಬರೆದಿಟ್ಟುಕೊಂಡು ಅಚ್ಚು ಹಾಕಿಸಿದರು. ಹಲಗಲಿಯ ಬೇಡರ ಲಾವಣಿ ಇವತ್ತು ನಮಗೆ ಅಚ್ಚಿನಲ್ಲಿ ಸಿಗುವುದರ ಹಿಂದೆ ಅವರ ಶ್ರಮವಿದೆ. ಅಂದರೆ ಎರಡೂ ಪದ್ಧತಿಗಳಲ್ಲಿ ಜಾಣರು ಬಂದರು, ಜೊಳ್ಳೂ ಬಂತು. ಆದ್ದರಿಂದ ಯಾವ ಪದ್ಧತಿ ಒಳ್ಳೆಯ ಅಧಿಕಾರಿಯನ್ನು ಕೊಟ್ಟಿತು ಎಂಬ ಚರ್ಚೆಗಿಂತ, ಆ ಪದ್ಧತಿ ಯಾರನ್ನು ಒಳಗೆ ಬಿಟ್ಟಿತು, ಯಾರನ್ನು ಹೊರಗೇ ನಿಲ್ಲಿಸಿತು ಎಂದು ನೋಡುವುದು ನನಗೆ ಮುಖ್ಯ ಅನಿಸುತ್ತದೆ.

1853ರಲ್ಲಿ ಡೈರೆಕ್ಟರುಗಳ ಈ ಹಕ್ಕು ಹೋಯಿತು. ಮುಕ್ತ ಸ್ಪರ್ಧಾ ಪರೀಕ್ಷೆ ಎಂದು ಕಾನೂನಾಯಿತು. ಪರೀಕ್ಷೆ ಹೇಗಿರಬೇಕು ಎಂದು ಹೇಳಲು ಮೆಕಾಲೆಯ ನೇತೃತ್ವದಲ್ಲಿ ಒಂದು ಸಮಿತಿ ಕೂತು 1854ರಲ್ಲಿ ವರದಿ ಕೊಟ್ಟಿತು. 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಮೆಕಾಲೆಯ ವಾದ ಸರಳ. ಹುಡುಗರಿಗೆ ಭಾರತದ ಕಾನೂನು, ಭಾಷೆಗಳನ್ನು ಮೊದಲೇ ಕಲಿತು ಬನ್ನಿ ಅನ್ನುವುದು ತಪ್ಪು. ಆಯ್ಕೆಯಾಗದೆ ಹೋದರೆ ಆ ಓದು ದಂಡವಾಗುತ್ತದೆ. ಅದರ ಬದಲು ಒಳ್ಳೆಯ ಕಾಲೇಜಿನಲ್ಲಿ ಏನು ಕಲಿಸುತ್ತಾರೋ ಅದರಲ್ಲೇ ಪರೀಕ್ಷೆ ಇಡೋಣ. ಅದರಲ್ಲಿ ಮುಂದಿರುವವನು ಆಮೇಲೆ ಏನು ಬೇಕಾದರೂ ಕಲಿತಾನು.

ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಸಮಿತಿ ಸೂಚಿಸಿದ ಅಂಕಪಟ್ಟಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಒಟ್ಟು 6,875 ಅಂಕ. ಇಂಗ್ಲಿಷ್ ಪ್ರಬಂಧ, ಸಾಹಿತ್ಯ, ಚರಿತ್ರೆಗೆ ಸೇರಿಸಿ 1,500. ಗಣಿತಕ್ಕೆ 1,000. ವಿಜ್ಞಾನಕ್ಕೆ 500, ನೀತಿಶಾಸ್ತ್ರ ಮತ್ತು ತರ್ಕದಂಥ ವಿಷಯಗಳಿಗೆ 500. ಗ್ರೀಕ್‌ಗೆ 750, ಲ್ಯಾಟಿನ್‌ಗೆ 750. ಫ್ರೆಂಚ್, ಜರ್ಮನ್, ಇಟಾಲಿಯನ್‌ಗೆ ತಲಾ 375. ಸಂಸ್ಕೃತಕ್ಕೆ 375, ಅರಬ್ಬಿಗೆ 375. ಕನ್ನಡ, ಮರಾಠಿ, ತಮಿಳು, ಬಂಗಾಳಿಗೆ ಏನೂ ಇಲ್ಲ. ಯಾವ ವಿಷಯವೂ ಕಡ್ಡಾಯವಲ್ಲ, ಗೊತ್ತಿರುವುದನ್ನು ಆರಿಸಿಕೊಂಡು ಬರೆಯಬಹುದು. ಅರೆಬರೆ ಗೊತ್ತಿದ್ದವರಿಗೆ ಮಾತ್ರ ಅಂಕ ಕೊಡಬಾರದು ಎಂದು ಸಮಿತಿ ಖಡಾಖಂಡಿತವಾಗಿ ಹೇಳಿತು.

ಕೂಡಿ ನೋಡಿದರೆ ಯುರೋಪಿನ ಐದು ಭಾಷೆಗಳಿಗೇ 2,625 ಅಂಕ. ಇಂಗ್ಲೆಂಡಿನ ಒಳ್ಳೆಯ ಶಾಲೆಯ ಹುಡುಗ ಎಂಟು ಹತ್ತು ವರ್ಷದವನಿದ್ದಾಗಿನಿಂದ ಲ್ಯಾಟಿನ್ ಉರು ಹೊಡೆದಿರುತ್ತಾನೆ. ಮದ್ರಾಸಿನಲ್ಲೋ ಕಲ್ಕತ್ತದಲ್ಲೋ ಓದಿದ ಹುಡುಗ ಗ್ರೀಕ್ ಅಕ್ಷರವನ್ನೂ ನೋಡಿರುವುದಿಲ್ಲ. ಅವನಿಗೆ ಉಳಿಯುವುದು ಪರಭಾಷೆಯಾದ ಇಂಗ್ಲಿಷು, ಗಣಿತ ಮತ್ತು 375 ಅಂಕದ ಸಂಸ್ಕೃತ. ಭಾರತೀಯರು ಬರಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಹಾಗೂ ಇರಲಿಲ್ಲ. ಧರ್ಮ, ಹುಟ್ಟೂರು, ವಂಶ, ಬಣ್ಣ ನೋಡಿ ಯಾರಿಗೂ ಹುದ್ದೆ ತಪ್ಪಿಸಬಾರದು ಎಂದು 1833ರ ಕಾನೂನು ಆಗಲೇ ಹೇಳಿಯಾಗಿತ್ತು.

ಈ ಒಂದು ಪರೀಕ್ಷೆಗೆ ಇಷ್ಟು ಮಹತ್ವ ಯಾಕೆ ಎಂಬುದಕ್ಕೆ 1861ರ ಇಂಡಿಯನ್ ಸಿವಿಲ್ ಸರ್ವೀಸ್ (ಐಸಿಎಸ್) ಕಾನೂನು ನೋಡಬೇಕು. ಆ ಕಾನೂನಿನ ಕೊನೆಯಲ್ಲಿ ಒಂದು ಪಟ್ಟಿ ಇತ್ತು. ಕಲೆಕ್ಟರ್, ಜಿಲ್ಲಾ ನ್ಯಾಯಾಧೀಶ, ರೆವಿನ್ಯೂ ಬೋರ್ಡಿನ ಸದಸ್ಯ, ಸರ್ಕಾರದ ಕಾರ್ಯದರ್ಶಿ, ಇಂಥ ಹುದ್ದೆಗಳೆಲ್ಲ ಈ ಸರ್ವೀಸಿನವರಿಗೇ ಮೀಸಲು. ಅಂದರೆ ದೊಡ್ಡ ಹುದ್ದೆಗೆ ಆಯ್ಕೆ ನಡೆಯುತ್ತಿದ್ದದ್ದು ಆ ಹುದ್ದೆ ಖಾಲಿಯಾದಾಗ ಅಲ್ಲವೇ ಅಲ್ಲ. ಅದು ಇಪ್ಪತ್ತರ ಆಸುಪಾಸಿನಲ್ಲಿ ಲಂಡನ್ನಿನ ಪರೀಕ್ಷಾ ಹಾಲಿನಲ್ಲೇ ನಡೆದುಹೋಗುತ್ತಿತ್ತು. ಒಳಗೆ ಬಂದವನು ಅಸಿಸ್ಟೆಂಟ್ ಕಲೆಕ್ಟರ್ ಆಗಿ ಶುರು ಮಾಡಿ, ಜಿಲ್ಲೆಯ ಭಾಷೆಯ ಇಲಾಖಾ ಪರೀಕ್ಷೆ ಪಾಸು ಮಾಡಿಕೊಂಡು, ಸೀನಿಯಾರಿಟಿಯ ಮೇಲೆ ಕಲೆಕ್ಟರ್ ಆಗುತ್ತಿದ್ದ. ಹೊರಗೆ ಉಳಿದವನು ಎಷ್ಟೇ ಜಾಣನಾಗಿದ್ದರೂ ಅವನಿಗೆ ಬೇರೆ ದಾರಿ. ಗುಮಾಸ್ತ, ಶಿರಸ್ತೇದಾರ, ತಹಶೀಲ್ದಾರ, ಮುನ್ಸೀಫ, ಹೆಚ್ಚೆಂದರೆ ಡೆಪ್ಯುಟಿ ಕಲೆಕ್ಟರ್. ಮೂವತ್ತು ವರ್ಷ ಕಂದಾಯದ ಲೆಕ್ಕ ಅರೆದು ಕುಡಿದ ಶಿರಸ್ತೇದಾರ, ನಿನ್ನೆ ಮೊನ್ನೆ ಹಡಗಿನಿಂದ ಇಳಿದ ಹುಡುಗನ ಮುಂದೆ ಕೈಕಟ್ಟಿ ನಿಂತು ಅವನಿಗೇ ಕೆಲಸ ಕಲಿಸಬೇಕಿತ್ತು. ಓದುವಾಗ ನನಗೆ ಬಹಳ ನೋವಾಗುವುದು ಇದರ ಬಗ್ಗೆಯೇ.

ಅಷ್ಟಾದರೂ ಭಾರತೀಯರು ಬಂದರು. 1863ರಲ್ಲಿ ಸತ್ಯೇಂದ್ರನಾಥ ಟ್ಯಾಗೋರರು ಪಾಸಾದರು. ಮುಂಬಯಿ ಪ್ರಾಂತ್ಯಕ್ಕೆ ನೇಮಕವಾಗಿ ನಮ್ಮ ಕಾರವಾರದಲ್ಲೂ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥರು ಕಾರವಾರದ ಕಡಲ ತೀರಕ್ಕೆ ಬಂದು ಉಳಿದದ್ದು ಅಣ್ಣನ ಈ ನೌಕರಿಯಿಂದಾಗಿ. ಅಲ್ಲಿನ ಬೀಚಿಗೆ ಟ್ಯಾಗೋರರ ಹೆಸರು ಬಂದದ್ದೂ ಹಾಗೆಯೇ. ಆದರೆ ಮೊದಲ ಭಾರತೀಯ ಐಸಿಎಸ್ ಎಂಬ ಈ ದೊಡ್ಡ ಹೆಸರಿನ ವ್ಯಕ್ತಿ ಮೂವತ್ತು ವರ್ಷಕ್ಕೂ ಜಾಸ್ತಿ ದುಡಿದು ಜಿಲ್ಲಾ ನ್ಯಾಯಾಧೀಶರಾಗಿಯೇ ನಿವೃತ್ತರಾದರು. ಹೈಕೋರ್ಟಿನ ಪೀಠ ಅವರಿಗೆ ಸಿಗಲಿಲ್ಲ.

ಇನ್ನು ವಯಸ್ಸಿನ ಮಾತು. ಶುರುವಿನಲ್ಲಿ ಪರೀಕ್ಷೆಗೆ 18ರಿಂದ 23 ವರ್ಷದವರು ಕೂರಬಹುದಿತ್ತು. 1859ರಲ್ಲಿ ಮೇಲಿನ ಮಿತಿ 22ಕ್ಕೆ, 1866ರಲ್ಲಿ 21ಕ್ಕೆ ಇಳಿಯಿತು. 1869ರಲ್ಲಿ ನಾಲ್ವರು ಭಾರತೀಯರು ಒಟ್ಟಿಗೆ ಪಾಸಾದರು. ರಮೇಶಚಂದ್ರ ದತ್ತ, ಬಿಹಾರಿಲಾಲ್ ಗುಪ್ತ, ಸುರೇಂದ್ರನಾಥ ಬ್ಯಾನರ್ಜಿ ಮತ್ತು ಮುಂಬಯಿಯ ಶ್ರೀಪಾದ ಬಾಬಾಜಿ ಠಾಕೂರ್. ದತ್ತರಿಗಂತೂ ಮೂರನೇ ಸ್ಥಾನ. ಅಷ್ಟರಲ್ಲೇ ಸುರೇಂದ್ರನಾಥ ಮತ್ತು ಠಾಕೂರರ ವಯಸ್ಸಿನ ಬಗ್ಗೆ ತಕರಾರು ಎದ್ದಿತು.

ತಕರಾರು ಏನೆಂದರೆ, ಸುರೇಂದ್ರನಾಥರು 1863ರ ಡಿಸೆಂಬರಿನಲ್ಲಿ ಮೆಟ್ರಿಕ್ಯುಲೇಷನ್‌ಗೆ ಕೂತಾಗ ವಯಸ್ಸು 16 ಅಂತ ಬರೆಸಿದ್ದರು. ಆ ಲೆಕ್ಕ ಹಿಡಿದರೆ 1869ರ ಹೊತ್ತಿಗೆ 21 ದಾಟಿರಬೇಕು. ನಿಜವಾಗಿ ಅವರು ಹುಟ್ಟಿದ್ದು 1848ರ ನವೆಂಬರ್ 10. ಮೆಟ್ರಿಕ್ಯುಲೇಷನ್ ಹೊತ್ತಿಗೆ 15 ತುಂಬಿ 16 ನಡೆಯುತ್ತಿತ್ತು. ನಮ್ಮ ಮನೆಗಳಲ್ಲೂ ಅಜ್ಜಿಯರು ಈಗಲೂ ಹಾಗೇ ಹೇಳುತ್ತಾರೆ, ನಡೆಯುತ್ತಿರುವ ವರ್ಷವನ್ನೇ ಎಣಿಸುತ್ತಾರೆ. ಬಂಗಾಳದಲ್ಲೂ ಅದೇ ರೂಢಿ. ಪರೀಕ್ಷೆ ನಡೆಸುವ ಕಮಿಷನರುಗಳು ಅದನ್ನು ಒಪ್ಪದೆ ಇಬ್ಬರ ಹೆಸರನ್ನೂ ಹೊಡೆದುಹಾಕಿದರು. ಸುರೇಂದ್ರನಾಥರು ಲಂಡನ್ನಿನ ಕ್ವೀನ್ಸ್ ಬೆಂಚ್ ಕೋರ್ಟಿಗೆ ಹೋಗಿ ಗೆದ್ದು ಬಂದರು. ಆಮೇಲೆ 1871ರಲ್ಲಿ ಸಿಲ್ಹೆಟ್‌ಗೆ ನೇಮಕವಾದರು. 1874ರಲ್ಲಿ ಒಂದು ಕೇಸಿನ ದಾಖಲೆಯಲ್ಲಿನ ತಪ್ಪು ಹಿಡಿದು ಅವರನ್ನು ಕೆಲಸದಿಂದಲೇ ತೆಗೆದರು.

ಮುಂದೆ 1878ರ ಪರೀಕ್ಷೆಯಿಂದ ಮೇಲಿನ ಮಿತಿಯನ್ನು 19ಕ್ಕೆ ಇಳಿಸಿದರು. ಇದು ಇಡೀ ಕತೆಯಲ್ಲೇ ಅತ್ಯಂತ ಅನ್ಯಾಯದ ನಿಯಮ ಎಂದು ನನ್ನ ಅಭಿಪ್ರಾಯ. ಶಾಲೆ ಮುಗಿಸಿದ ಕೂಡಲೇ ಹುಡುಗರನ್ನು ಹಿಡಿದುಕೊಂಡು, ಆಮೇಲೆ ಎರಡು ವರ್ಷ ತಯಾರು ಮಾಡುವುದು ಇದರ ಉದ್ದೇಶ ಎಂದರು. ಭಾರತದ ಕಡೆಯಿಂದ ಯೋಚಿಸಿ. 19 ತುಂಬುವ ಮೊದಲು ಲಂಡನ್ನಿನಲ್ಲಿ ಪರೀಕ್ಷೆ ಬರೆಯಬೇಕಾದರೆ ಹದಿನೈದು ಹದಿನಾರಕ್ಕೇ ಹುಡುಗನನ್ನು ಹಡಗು ಹತ್ತಿಸಬೇಕು. ಸಾವಿರಗಟ್ಟಲೆ ರೂಪಾಯಿ ಬೇಕು. ಸಮುದ್ರ ದಾಟಿದರೆ ಜಾತಿಯಿಂದ ಹೊರಗೆ ಹಾಕುವ ಭಯ ಬೇರೆ. ಮೇಲಾಗಿ ಅಲ್ಲಿ ಟ್ಯೂಷನ್‌ಗೂ ಹೋಗಬೇಕು. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಇವತ್ತು ಸಾಲುಸಾಲಾಗಿ ಕಾಣುವ ಕೋಚಿಂಗ್ ಸೆಂಟರುಗಳಿಗೆ ಲಂಡನ್ನಿನಲ್ಲಿ ಆಗಲೇ ಹಿರಿಯರಿದ್ದರು. ವಾಲ್ಟರ್ ರೆನ್ ಎಂಬಾತನ ಕೋಚಿಂಗ್ ಆ ಕಾಲಕ್ಕೆ ಬಹಳ ಹೆಸರುವಾಸಿ.

ಈ ನಿಯಮದ ವಿರುದ್ಧ ಊರೂರು ತಿರುಗಿ ಸಭೆ ನಡೆಸಿದವರು, ನೌಕರಿ ಕಳೆದುಕೊಂಡಿದ್ದ ಅದೇ ಸುರೇಂದ್ರನಾಥರು. ದೇಶದ ಬೇರೆಬೇರೆ ಪ್ರಾಂತ್ಯಗಳ ಓದಿದ ಜನ ಒಂದೇ ಬೇಡಿಕೆಗೆ ಒಟ್ಟಾಗಿ ದನಿಗೂಡಿಸಿದ್ದು ಆಗಲೇ. ಕಾಂಗ್ರೆಸ್ ಹುಟ್ಟುವ ಮೊದಲಿನ ಮಾತಿದು.

ಸರ್ಕಾರ ಒಂದು ಸಮಾಧಾನದ ಉಪಾಯ ಹುಡುಕಿತು. 1879ರಲ್ಲಿ ವೈಸರಾಯ್ ಲಿಟ್ಟನ್ ಕಾಲದಲ್ಲಿ, ಒಳ್ಳೆಯ ಮನೆತನದ ಭಾರತೀಯರನ್ನು ಪರೀಕ್ಷೆ ಇಲ್ಲದೆ ನಾಮಕರಣ ಮಾಡಿಕೊಳ್ಳುವ ಬೇರೊಂದು ಸರ್ವೀಸ್ ಮಾಡಿದರು. ವರ್ಷದ ನೇಮಕದಲ್ಲಿ ಆರನೇ ಒಂದು ಪಾಲಿನವರೆಗೆ. ಯಾರಿಗೂ ಅದು ಹಿಡಿಸಲಿಲ್ಲ, ಹತ್ತು ವರ್ಷದೊಳಗೇ ಮೂಲೆ ಸೇರಿತು. ಲಿಟ್ಟನ್ ಮನಸ್ಸಿನಲ್ಲಿ ಏನಿತ್ತು ಎಂಬುದು ಅವನ ಗುಟ್ಟಿನ ಪತ್ರದಲ್ಲಿದೆ. ಭಾರತೀಯರ ಈ ಆಸೆ ಎಂದೂ ಈಡೇರುವುದಿಲ್ಲ, ಅವರನ್ನು ನೇರವಾಗಿ ತಡೆಯಬೇಕು ಇಲ್ಲವೇ ಮೋಸ ಮಾಡಬೇಕು, ನಾವು ನೇರವಲ್ಲದ ದಾರಿಯನ್ನೇ ಹಿಡಿದಿದ್ದೇವೆ ಎಂಬ ಅರ್ಥದ ಮಾತು ಅದರಲ್ಲಿದೆ.

1886ರಲ್ಲಿ ಕೂತ ಐಚಿಸನ್ ಆಯೋಗದ ನಂತರ ವಯಸ್ಸಿನ ಮಿತಿ 23ಕ್ಕೆ ಏರಿತು. ಪರೀಕ್ಷೆಯನ್ನು ಭಾರತದಲ್ಲೂ ಏಕಕಾಲಕ್ಕೆ ನಡೆಸಿ ಎಂಬ ಬೇಡಿಕೆಗೆ ಮಾತ್ರ ಆಯೋಗ ಒಪ್ಪಲಿಲ್ಲ. 1893ರಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆಯೇ ಹಾಗೆ ನಡೆಸಬೇಕು ಎಂದು ನಿರ್ಣಯ ಮಾಡಿತು. ದಾದಾಭಾಯಿ ನವರೋಜಿ ಆಗ ಅಲ್ಲಿ ಸದಸ್ಯರಾಗಿದ್ದರು. ಸರ್ಕಾರ ಆ ನಿರ್ಣಯವನ್ನು ಪಕ್ಕಕ್ಕಿಟ್ಟಿತು. ಮುಂದಿನ ಸುಮಾರು ಮೂವತ್ತು ವರ್ಷ ಏನೂ ಆಗಲಿಲ್ಲ.

ಲಿಖಿತ ಪರೀಕ್ಷೆ ಪಾಸಾದರೂ ಮುಗಿಯುತ್ತಿರಲಿಲ್ಲ. ಒಂದೋ ಎರಡೋ ವರ್ಷ ಪ್ರೊಬೇಷನ್. ಭಾರತದ ಕಾನೂನು, ಚರಿತ್ರೆ, ಹೋಗಬೇಕಾದ ಪ್ರಾಂತ್ಯದ ಭಾಷೆ ಕಲಿಯಬೇಕು. ಕುದುರೆ ಸವಾರಿಯ ಪರೀಕ್ಷೆಯೂ ಇತ್ತು. ಜಿಲ್ಲೆ ಸುತ್ತಲು ಆಗ ಕುದುರೆಯೇ ಗತಿ, ಆದ್ದರಿಂದ ಅದು ಸುಮ್ನೆ ಇಟ್ಟಿದ್ದಲ್ಲ. 1890ರಲ್ಲಿ ಲಿಖಿತ ಪರೀಕ್ಷೆ ಪಾಸಾದ ಅರವಿಂದ ಘೋಷರು ನೌಕರಿ ಕಳೆದುಕೊಂಡದ್ದು ಇದೇ ಸವಾರಿಯ ಪರೀಕ್ಷೆಯಲ್ಲಿ. ಆ ನೌಕರಿ ಅವರಿಗೂ ಬೇಕಿರಲಿಲ್ಲ.

ನಮ್ಮ ಕಡೆಯಿಂದ ಈ ಎಲ್ಲ ಹಂತ ದಾಟಿದವರಲ್ಲಿ ಮಂಗಳೂರಿನ ಬೆನಗಲ್ ನರಸಿಂಗ ರಾವ್ ಪ್ರಮುಖರು. ಮದ್ರಾಸಿನಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ, 1910ರಲ್ಲಿ ಸರ್ವೀಸಿಗೆ ಸೇರಿದರು. ಮುಂದೆ ಸಂವಿಧಾನ ಸಭೆಗೆ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದವರು ಅವರೇ. ತಮ್ಮ ರಾಮ ರಾವ್ ಕೂಡ ಐಸಿಎಸ್, ನಂತರ ರಿಸರ್ವ್ ಬ್ಯಾಂಕಿನ ಗವರ್ನರ್.

ಪರೀಕ್ಷೆ ಇಷ್ಟು ಕೆಟ್ಟದಾದರೆ ಅದು ಇಲ್ಲದಿದ್ದರೇ ಒಳ್ಳೆಯದಿತ್ತೇ? ಉತ್ತರಕ್ಕೆ ಬ್ರಿಟಿಷರ ಆಫ್ರಿಕಾದ ವಸಾಹತುಗಳನ್ನು ನೋಡಬಹುದು. ಅಲ್ಲಿನ ಜಿಲ್ಲಾಧಿಕಾರಿಗಳಿಗೆ ಸ್ಪರ್ಧಾ ಪರೀಕ್ಷೆ ಇರಲಿಲ್ಲ. ರಾಲ್ಫ್ ಫರ್ಸ್ ಎಂಬ ಒಬ್ಬ ಅಧಿಕಾರಿ 1910ರಿಂದ 1948ರವರೆಗೆ, ಮಹಾಯುದ್ಧಕ್ಕೆ ಹೋದ ಕಾಲ ಬಿಟ್ಟರೆ, ಈ ಆಯ್ಕೆಯ ಕೆಲಸದಲ್ಲೇ ಇದ್ದ. ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಅಧ್ಯಾಪಕರಿಂದ ಗುಟ್ಟಾಗಿ ಅಭಿಪ್ರಾಯ ತರಿಸಿಕೊಳ್ಳುವುದು, ಹುಡುಗನನ್ನು ಕೂರಿಸಿಕೊಂಡು ಮಾತಾಡಿಸುವುದು, ಇಷ್ಟೇ. ಡಿಗ್ರಿಯಲ್ಲಿ ಕಡಿಮೆ ಅಂಕ ಬಂದರೂ ಪರವಾಗಿಲ್ಲ. ಯಾವ ಶಾಲೆ, ಅಲ್ಲಿ ಲೀಡರ್ ಆಗಿದ್ದನೇ, ಆಟದಲ್ಲಿ ಹೇಗೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾನೆಯೇ ಎಂಬುದು ಮುಖ್ಯ. ಆಯ್ಕೆ ಮಾಡುವವರಿಗಿದ್ದ ಗುಟ್ಟಿನ ಕೈಪಿಡಿಯಲ್ಲಿ, ಸಡಿಲ ತುಟಿ ಮತ್ತು ತಪ್ಪಿಸಿಕೊಳ್ಳುವ ಕಣ್ಣು ದುರ್ಬಲ ಸ್ವಭಾವದ ಗುರುತಾಗಿರಬಹುದು ಎಂಬ ಸೂಚನೆ ಕೂಡ ಇತ್ತು. ತಮ್ಮಂಥವರನ್ನೇ ಆರಿಸಿಕೊಳ್ಳಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಪರಿಣಾಮ ಕಣ್ಣ ಮುಂದಿದೆ. ಇವತ್ತಿನ ಘಾನಾ, ಅಂದರೆ ಆಗಿನ ಗೋಲ್ಡ್ ಕೋಸ್ಟ್‌ನ ಆಡಳಿತ ಸೇವೆಗೆ ಮೊದಲ ಇಬ್ಬರು ಆಫ್ರಿಕನ್ನರು, ಅಡು ಮತ್ತು ಬುಸಿಯಾ, ನೇಮಕವಾದದ್ದು 1942ರಲ್ಲಿ. ಸತ್ಯೇಂದ್ರನಾಥರು ಪಾಸಾಗಿ ಆಗಲೇ 79 ವರ್ಷ ಆಗಿತ್ತು. ಅಂಕಪಟ್ಟಿ ಅನ್ಯಾಯದ್ದೇ ಆದರೂ ಅದನ್ನು ಕೈಯಲ್ಲಿ ಹಿಡಿದು ಜಗಳವಾಡಬಹುದು, ಕೋರ್ಟಿಗೆ ಹೋಗಬಹುದು. ಸಂದರ್ಶನದ ಕೋಣೆಯಲ್ಲಿ ಒಬ್ಬನ ಮನಸ್ಸಿಗೆ ಹಿಡಿಸಲಿಲ್ಲ ಎಂದರೆ ಯಾರನ್ನು ಕೇಳುವುದು?

ಮೈಸೂರು ಸಂಸ್ಥಾನದಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. ದಿವಾನ್ ಶೇಷಾದ್ರಿ ಅಯ್ಯರ್ 1891ರಲ್ಲಿ ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆ ಶುರು ಮಾಡಿದರು. ಲಂಡನ್ನಿಗೆ ಹೋಗುವ ರಗಳೆ ಇಲ್ಲದೆ ಇಲ್ಲಿನ ಹುಡುಗರು ಇಲ್ಲೇ ಅಸಿಸ್ಟೆಂಟ್ ಕಮಿಷನರ್ ಆಗುವ ಅವಕಾಶ ಬಂತು. ಆದರೆ ಕಾಲೇಜು ಓದು ಕೆಲವೇ ಜಾತಿಗಳ ಮನೆಗಳಲ್ಲಿತ್ತು. ಪಾಸಾದವರೂ ಆ ಮನೆಗಳವರೇ. ಈ ಬಗ್ಗೆ ಒತ್ತಾಯ ಬೆಳೆದು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಬರೀ ಅಂಕ ನೋಡಿ ಹುದ್ದೆ ಕೊಡುವುದು ಸಾಲದು, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಅದು ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ, ಅವರು ಹುದ್ದೆ ಬಿಟ್ಟರು. ಇಬ್ಬರ ವಾದದಲ್ಲೂ ತೂಕವಿದೆ ಎಂದು ಹಲವರು ಬರೆಯುತ್ತಾರೆ. ನನಗೆ ಮಿಲ್ಲರ್ ಸಮಿತಿಯ ಮಾತೇ ಸರಿ ಅನಿಸುತ್ತದೆ. ಲಂಡನ್ನಿನ ಅಂಕಪಟ್ಟಿ ಮಂಗಳೂರಿನ ಹುಡುಗನಿಗೆ ಅನ್ಯಾಯ ಮಾಡಿತು ಎಂದು ಒಪ್ಪುವವರು, ಮೈಸೂರಿನ ಅಂಕಪಟ್ಟಿಯ ಮುಂದೆ ನಿಂತ ಒಕ್ಕಲಿಗರ, ಕುರುಬರ, ಮುಸ್ಲಿಮರ ಹುಡುಗನ ಕಷ್ಟವನ್ನೂ ನೋಡಬೇಕಲ್ಲ.

ಇತ್ತ ಭಾರತದಲ್ಲಿ ಮೊದಲ ಮಹಾಯುದ್ಧದ ನಂತರ ಗಾಳಿ ತಿರುಗಿತು. 1922ರ ಫೆಬ್ರವರಿಯಲ್ಲಿ ಅಲಹಾಬಾದಿನಲ್ಲಿ ಮೊದಲ ಬಾರಿಗೆ ಐಸಿಎಸ್ ಪರೀಕ್ಷೆ ನಡೆಯಿತು. 1924ರ ಲೀ ಆಯೋಗ ಹೊಸ ಲೆಕ್ಕ ಹಾಕಿತು. ನೇರ ನೇಮಕದಲ್ಲಿ ಬ್ರಿಟಿಷರಿಗೆ 40, ಭಾರತೀಯರಿಗೆ 40, ಕೆಳಗಿನ ಪ್ರಾಂತೀಯ ಸೇವೆಯಿಂದ ಬಡ್ತಿ ಪಡೆದವರಿಗೆ ಶೇಕಡ 20. ಹದಿನೈದು ವರ್ಷದಲ್ಲಿ ಸರ್ವೀಸಿನ ಅರ್ಧ ಜನ ಭಾರತೀಯರಾಗಬೇಕು ಎಂಬ ಗುರಿ. 1926ರಲ್ಲಿ ಪಬ್ಲಿಕ್ ಸರ್ವೀಸ್ ಕಮಿಷನ್ ಬಂತು. ಮುಸ್ಲಿಮರು ಮತ್ತು ಇತರ ಅಲ್ಪಸಂಖ್ಯಾತರು ತೀರಾ ಕಡಿಮೆ ಆಗಬಾರದೆಂದು ಕೆಲವು ಜಾಗಗಳನ್ನು ನಾಮಕರಣದಿಂದ ತುಂಬಿದರು.

ಇದೇ ಹೊತ್ತಿಗೆ ಬ್ರಿಟಿಷ್ ಹುಡುಗರಿಗೆ ಈ ನೌಕರಿಯ ಮೇಲೆ ಆಸೆ ಕಡಿಮೆಯಾಗಿತ್ತು. ರಾಜ್ಯ ಎಷ್ಟು ದಿನ ಇರುತ್ತದೋ ಎಂಬ ಅನುಮಾನ. ಇಂಗ್ಲೆಂಡಿನಲ್ಲಿ ಬೇರೆ ಕೆಲಸಗಳು ಸಿಗುತ್ತಿದ್ದವು. ಪರೀಕ್ಷೆಯಲ್ಲಿ ಭಾರತೀಯರೇ ಮುಂದೆ ಬರತೊಡಗಿದರು. ಆಗ ಸರ್ಕಾರ ಏನು ಮಾಡಿತು ಗೊತ್ತೇ? 1936ರಲ್ಲಿ ನಿಯಮ ಬದಲಾಯಿಸಿ, ಒಳ್ಳೆಯ ಡಿಗ್ರಿ ಇರುವ ಬ್ರಿಟಿಷ್ ಅಭ್ಯರ್ಥಿಗಳನ್ನು ಸ್ಪರ್ಧಾ ಪರೀಕ್ಷೆ ಇಲ್ಲದೆ ಆರಿಸಿಕೊಳ್ಳುವ ದಾರಿ ತೆರೆಯಿತು. ಎಂಬತ್ತು ವರ್ಷ ಅರ್ಹತೆಗೆ ಪರೀಕ್ಷೆಯೊಂದೇ ಅಳತೆ ಎಂದು ಭಾರತೀಯರಿಗೆ ಹೇಳುತ್ತಾ ಬಂದವರು, ತಮ್ಮವರು ಸೋಲತೊಡಗಿದಾಗ ಆ ಅಳತೆಯನ್ನೇ ಬಿಟ್ಟರು.

1946ರ ಅಕ್ಟೋಬರಿನಲ್ಲಿ ಸರ್ದಾರ್ ಪಟೇಲರು ಪ್ರಾಂತ್ಯಗಳ ಪ್ರಧಾನಿಗಳನ್ನು (ಮುಖ್ಯಮಂತ್ರಿಗಳನ್ನು ಆಗ ಹಾಗೆ ಕರೆಯುತ್ತಿದ್ದರು) ಕರೆಸಿ ಐಎಎಸ್ ಎಂಬ ಹೊಸ ಸರ್ವೀಸಿಗೆ ಒಪ್ಪಿಸಿದರು. ಮುಕ್ತ ಪರೀಕ್ಷೆ, ಸಂದರ್ಶನ, ವಯಸ್ಸಿನ ಮಿತಿ ಎಲ್ಲವೂ ಹಾಗೇ ಮುಂದುವರಿದವು. ಕಾಲಕಾಲಕ್ಕೆ ಒಂದೊಂದನ್ನೂ ತಿದ್ದುತ್ತಾ ಬಂದರು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಾತಿ ಬಂತು, 1990ರ ದಶಕದಲ್ಲಿ ಹಿಂದುಳಿದ ವರ್ಗಗಳಿಗೂ ಬಂತು. ಇಂಗ್ಲಿಷಿನ ಹಿಡಿತ ಮಾತ್ರ ತುಂಬಾ ದಿನ ಬಿಗಿಯಾಗಿಯೇ ಇತ್ತು. ಕೊಠಾರಿ ಸಮಿತಿಯ ಶಿಫಾರಸಿನ ಮೇಲೆ 1979ರಿಂದ ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲೂ ಬರೆಯಬಹುದು ಎಂದಾಯಿತು. ಲಂಡನ್ನಿನ ಮೊದಲ ಪರೀಕ್ಷೆಯಿಂದ ಲೆಕ್ಕ ಹಾಕಿದರೆ ಇದಕ್ಕೆ 124 ವರ್ಷ ಹಿಡಿಯಿತು.